ಕರೆದರೆ ಓ ಎನ್ನಬೇಕು

ನೀರಿನಲ್ಲಿ ಮುಖ ಕೆಳಗೆ ಮಾಡಿ ತೇಲುತ್ತಿದ್ದ ಆಕೆಯ ಹೆಗಲನ್ನು ಮೆಲ್ಲಗೆ ತಟ್ಟಿದೆ. ತಟ್ಟಿದರೆ ತೋರುಬೆರಳು ಎತ್ತಬೇಕು, ಅದು ನಮ್ಮ ನಡುವಿನ ಒಪ್ಪಂದ. ಅಲ್ಲಿಯವರೆಗೆ ಪ್ರತಿ ಸಲವೂ ಬೆರಳು ಎದ್ದಿತ್ತು. ಈ ಸಲ ಏಳಲಿಲ್ಲ. ಇನ್ನೊಮ್ಮೆ ತಟ್ಟಿದೆ. ಕೈ ಸಡಿಲವಾಗಿ ನೀರಿನ ಜೊತೆ ಆಡುತ್ತಿತ್ತು. ಕೂಡಲೇ ಆಕೆಯನ್ನು ಮಗುಚಿ, ಗದ್ದ ಎತ್ತಿ, ಮುಖವನ್ನು ನೀರಿನಿಂದ ಮೇಲಕ್ಕೆ ಹಿಡಿದೆ. ತುಟಿ ನೇರಳೆಗೆ ತಿರುಗಿತ್ತು, ಕಣ್ಣು ಅರೆತೆರೆದಿದ್ದವು. ಈಜುಗನ್ನಡಕ ಕಿತ್ತು, ಕಣ್ಣಿನ ಕೆಳಗೆ ಜೋರಾಗಿ ಊದಿ, ಕೆನ್ನೆ ತಟ್ಟಿ, “ಅಕ್ಕಾ, ಉಸಿರು ಎಳೀರಿ! ಅಕ್ಕಾ!” ಎಂದು ಕೂಗಿದೆ.

ಕೆಲವೇ ಕ್ಷಣ ಇರಬೇಕು. ಗೊರಕೆಯಂಥದೊಂದು ಸದ್ದಿನೊಂದಿಗೆ ಉಸಿರು ಒಳಗೆ ಹೋಯಿತು, ಮುಖಕ್ಕೆ ಬಣ್ಣ ಬಂತು, ಆಕೆ ನನ್ನನ್ನು ಪರಿಚಯವೇ ಇಲ್ಲದವರ ಹಾಗೆ ನೋಡಿದರು. ಆಮೇಲೆ ಸ್ಪಷ್ಟವಾಗಿ, ಸ್ವಲ್ಪ ಸಿಟ್ಟಿನಿಂದಲೇ ಕೇಳಿದರು:

“ಯಾಕೆ ಎಬ್ಬಿಸಿದ್ರಿ ಮಾಸ್ಟ್ರೇ? ಇನ್ನೇನು ಮುಟ್ತಾ ಇದ್ದೆ.”

ಏನನ್ನು ಎಂದು ನಾನು ಕೇಳಲಿಲ್ಲ. ನನಗೆ ಗೊತ್ತಿತ್ತು.

ಸಮುದ್ರವೇ ಇಲ್ಲದ ಊರಿನಲ್ಲಿ ಮುಳುಗುವುದನ್ನು ಕಲಿಸಿ ಹೊಟ್ಟೆ ಹೊರೆಯುವವನು ನಾನು. ಕರಾವಳಿಯಲ್ಲಿ ಹಲವು ವರ್ಷ ಪ್ರವಾಸಿಗರನ್ನು ದೋಣಿಯಲ್ಲಿ ಕರೆದೊಯ್ದು ಸಮುದ್ರದ ಒಳಗೆ ಏನಿದೆ ಎಂದು ತೋರಿಸುತ್ತಿದ್ದೆ. ಹೆಂಡತಿಗೆ ದೆಹಲಿಯ ವಿಶ್ವವಿದ್ಯಾಲಯವೊಂದರಲ್ಲಿ ಕೆಲಸ ಸಿಕ್ಕಿತು, ಗಂಟುಮೂಟೆ ಕಟ್ಟಿಕೊಂಡು ಅವಳ ಹಿಂದೆ ಬಂದೆ. ಈಗ ಮುನಿರ್ಕಾದ ಎರಡನೇ ಮಹಡಿಯಲ್ಲಿ ನಮ್ಮ ಬಾಡಿಗೆ ಮನೆ, ನೋಯ್ಡಾದ ಒಂದು ಒಳಾಂಗಣ ಈಜುಕೊಳದಲ್ಲಿ ನನ್ನ ಕೆಲಸ. ವಾರವಿಡೀ ಮಕ್ಕಳಿಗೆ ಈಜು. ಭಾನುವಾರ ಬೆಳಿಗ್ಗೆ ಮಾತ್ರ, ಸಿಲಿಂಡರ್ ಇಲ್ಲದೆ, ಒಂದೇ ಉಸಿರಿನಲ್ಲಿ ಮುಳುಗುವ ಫ್ರೀಡೈವಿಂಗ್ ತರಗತಿ. ಮನೆಗೆ ಹೋದರೆ ಮೈಯೆಲ್ಲ ಕ್ಲೋರಿನ್ ವಾಸನೆ. ಉಪ್ಪಿನ ವಾಸನೆಯಾದರೂ ಇರಬಾರದೇ ಎಂದು ಎಷ್ಟೋ ಸಲ ಅನ್ನಿಸಿದೆ.

ಅಕ್ಕ ಆ ಭಾನುವಾರದ ತರಗತಿಗೆ ಸೇರಿದ್ದು ದೀಪಾವಳಿ ಕಳೆದ ಮೇಲೆ. ಕುಂದಾಪುರದ ಕಡೆಯವರು, ಐವತ್ತರ ಆಸುಪಾಸು. ಮಯೂರ್ ವಿಹಾರದ ಮೆಟ್ರೋ ನಿಲ್ದಾಣದ ಹತ್ತಿರ ಗಂಡ ಹೆಂಡತಿ ಸೇರಿ ಹೋಟೆಲು ನಡೆಸುತ್ತಾರೆ. ಹೋಟೆಲು ಶುದ್ಧ ಸಸ್ಯಾಹಾರಿ, ಮಾಲೀಕರು ಅಲ್ಲ. ಗಿರಾಕಿಗಳಿಗೆ ಆಕೆ ಆಂಟಿ, ಅಂಗಡಿಯವರಿಗೆ ಭಾಭೀಜಿ, ದೆಹಲಿಯ ಕನ್ನಡಿಗರಿಗೆಲ್ಲ ಅಕ್ಕ. ಇಷ್ಟು ವಯಸ್ಸಿನಲ್ಲಿ ಇದೆಲ್ಲ ಯಾಕೆ ಎಂದು ಮೊದಲ ದಿನವೇ ನಾನು ಕೇಳಿದೆ. ನನ್ನ ಬಾಯಿ ಹಾಗೆ, ಕೇಳಬಾರದ್ದನ್ನೇ ಮೊದಲು ಕೇಳುತ್ತದೆ.

“ನಮ್ಮೂರಲ್ಲಿ ಒಂದು ಕಲ್ಲಿದೆ ಮಾಸ್ಟ್ರೇ,” ಎಂದರು. “ದಡದಿಂದ ಸ್ವಲ್ಪ ದೂರ, ಸಮುದ್ರದ ಒಳಗೆ. ಆನೆ ಬೆನ್ನಿನ ಹಾಗೆ ಮೇಲೆ ಇಷ್ಟೇ ಕಾಣ್ತದೆ. ಅಣ್ಣನೂ ನಾನೂ ಅಲ್ಲಿ ಮುಳುಗಿ ಚಿಪ್ಪು ಕೀಳ್ತಿದ್ದೆವು. ಅಣ್ಣ ಕಲ್ಲಿನ ಬುಡ ಮುಟ್ಟಿ ಬರ್ತಿದ್ದ, ಅಲ್ಲಿಯ ಮರಳು ಮುಷ್ಟೀಲಿ ಹಿಡ್ಕೊಂಡು ಬಂದು ತೋರಿಸ್ತಿದ್ದ. ನಾನು ಅರ್ಧಕ್ಕೆ ವಾಪಸ್. ಮುಂದಿನ ವರ್ಷ ಮುಟ್ಟಿಯೇ ಮುಟ್ತೇನೆ ಅಂದ್ಕೊಂಡೆ. ಅಷ್ಟರಲ್ಲಿ ದೊಡ್ಡವಳಾದೆ. ಹೆಣ್ಣುಮಕ್ಕಳು ಇನ್ನು ನೀರಿಗೆ ಇಳಿಯೋ ಹಾಗಿಲ್ಲ ಅಂದರು ಮನೇಲಿ. ಮುಗೀತು.”

ಆಮೇಲೆ ಮದುವೆ, ದೆಹಲಿ, ಹೋಟೆಲು. ಊರಿಗೆ ಹೋದರೂ ಯಾರದೋ ಮದುವೆಗೆ, ಎರಡು ದಿನಕ್ಕೆ. ಸಮುದ್ರವನ್ನು ಬಸ್ಸಿನ ಕಿಟಕಿಯಿಂದ ನೋಡಿದ್ದೇ ಬಂತು. ಈಗ ಅಲ್ಲಿ ದೋಣಿಗಳಿಗೆಂದು ಅಲೆ ತಡೆಯುವ ಗೋಡೆ ಕಟ್ಟುತ್ತಾರಂತೆ. ಬರುವ ಮಳೆಗಾಲ ಮುಗಿದ ಮೇಲೆ ಬಂಡೆಗಳನ್ನು ತಂದು ಸುರಿಯುತ್ತಾರೆ, ಆನೆ ಕಲ್ಲು ಅದರ ಅಡಿಗೆ ಹೋಗುತ್ತದೆ. ಅಣ್ಣ ಫೋನಿನಲ್ಲಿ ಹೇಳಿದ ದಿನವೇ ಆಕೆ ಈಜುಕೊಳ ಹುಡುಕಲು ಶುರು ಮಾಡಿದ್ದರು. ಮಳೆಗೆ ಮೊದಲು ಒಂದು ಸಲ ಬುಡ ಮುಟ್ಟಬೇಕು. ಅಷ್ಟೇ ಆಕೆಗೆ ಬೇಕಾದದ್ದು.

ಕಲಿಸಲು ಶುರು ಮಾಡಿದ ಮೇಲೆ ನನಗೆ ಆಶ್ಚರ್ಯ ಕಾದಿತ್ತು. ಉಸಿರು ಹಿಡಿದವರಿಗೆ ಸ್ವಲ್ಪ ಹೊತ್ತಿನ ಮೇಲೆ ಹೊಟ್ಟೆ ಎದೆ ನಡುವಿನ ಸ್ನಾಯು ತಾನಾಗಿ ಎಳೆಯತೊಡಗುತ್ತದೆ, ಬಿಕ್ಕಳಿಕೆ ಬಂದ ಹಾಗೆ. ನಾವು ಅದನ್ನು ಒದ್ದಾಟ ಎನ್ನುತ್ತೇವೆ. ಉಸಿರಾಡು, ಉಸಿರಾಡು ಎಂದು ಮೈ ಜಗಳ ತೆಗೆಯುವ ಹೊತ್ತು ಅದು. ನಮ್ಮ ತರಗತಿಯಲ್ಲಿ ಎಲ್ಲರಿಗೂ ಅದು ಬೇಗ ಬರುತ್ತಿತ್ತು, ಅಕ್ಕನ ಜೋಡಿಯಾಗಿದ್ದ ಧಾರವಾಡದ ಸಂಶೋಧನಾ ವಿದ್ಯಾರ್ಥಿನಿಗಂತೂ ನೀರಿಗೆ ಮುಖ ಇಟ್ಟ ಕೂಡಲೇ. ಅಕ್ಕನಿಗೆ ಬರುತ್ತಲೇ ಇರಲಿಲ್ಲ. ಹೊಂಡದ ನೀರಿನ ಹಾಗೆ ತಣ್ಣಗೆ ಮಲಗಿರುತ್ತಿದ್ದರು. ಒಗ್ಗರಣೆಯ ಮೆಣಸಿನ ಘಾಟಿಗೆ ಮೂವತ್ತು ವರ್ಷ ಉಸಿರು ಬಿಗಿಹಿಡಿದ ಅಭ್ಯಾಸ ಎಂದು ಅವರೇ ನಗುತ್ತಿದ್ದರು.

ನಾನಂತೂ ಬೀಗಿದೆ. ನೋಡಿ, ಸಮುದ್ರದ ನೀರು ಕುಡಿದವರ ಮೈಯೇ ಬೇರೆ, ನಮ್ಮ ಕಡೆಯವರ ರಕ್ತದಲ್ಲೇ ಇದೆ ಇದು ಎಂದು ಹೆಂಡತಿಯ ಎದುರು ಕೊಚ್ಚಿಕೊಂಡೆ. “ಸಮುದ್ರದ ನೀರು ಕುಡಿದವರಿಗೆ ವಾಂತಿ ಆಗುತ್ತೆ ಅಷ್ಟೇ,” ಎಂದಳು ಅವಳು. ಮೈಸೂರಿನವಳು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ದೆಹಲಿಯಲ್ಲಿ ಕೂತ ಕರಾವಳಿಯವರಿಗೆ ಇಂಥ ನಂಬಿಕೆ ಬೇಕಾಗುತ್ತದೆ. ಊರು ಬಿಟ್ಟು ಬಂದರೂ ಊರು ನಮ್ಮನ್ನು ಬಿಟ್ಟಿಲ್ಲ ಎನ್ನಲು ಒಂದು ಗುರುತು ಬೇಕು. ಅಕ್ಕನ ನಿಶ್ಶಬ್ದ ಮೈಯಲ್ಲಿ ನನಗೆ ಆ ಗುರುತು ಸಿಕ್ಕಿತ್ತು.

ಜನವರಿಯ ಆ ಬೆಳಿಗ್ಗೆ ಆಕೆ ಎಚ್ಚರ ತಪ್ಪಿದ್ದು ಹಾಗೆ. ಹಿಂದಿನ ವಾರಕ್ಕಿಂತ ಹೆಚ್ಚು ಹೊತ್ತೇನೂ ಅಲ್ಲ. ಯಾವ ಸೂಚನೆಯೂ ಇಲ್ಲದೆ, ದೀಪ ಆರಿದ ಹಾಗೆ.

ಎಚ್ಚರ ತಪ್ಪಿದವರನ್ನು ಆ ದಿನ ಮತ್ತೆ ನೀರಿಗೆ ಇಳಿಸುವುದಿಲ್ಲ. ಆಕೆಗೆ ಟವೆಲ್ ಸುತ್ತಿ ಕೂರಿಸಿ, ಹೋಟೆಲಿನಿಂದ ಅವರೇ ತಂದಿದ್ದ ಫ್ಲಾಸ್ಕಿನ ಕಾಫಿ ಕೊಟ್ಟು, ನಾನು ಕಾರಣಗಳನ್ನು ಹುಡುಕತೊಡಗಿದೆ. ಹಸಿವೆಯೇ? ಅಲ್ಲ, ಬೆಳಿಗ್ಗೆ ಇಡ್ಲಿ ತಿಂದಿದ್ದರು. ನಿದ್ದೆ? ಆಗಿತ್ತು. ಚಳಿಗಾಲದ ದೆಹಲಿಯ ಹೊಗೆಗಾಳಿ ಎದೆಗೆ ಇಳಿದಿದೆಯೋ ಎಂಬ ಅನುಮಾನ. ಕೆಮ್ಮಿರಲಿಲ್ಲ. ನೀರಿಗೆ ಇಳಿಯುವ ಮೊದಲು ಜೋರಾಗಿ ಉಸಿರಾಡಿದರೇ ಎಂಬುದು ನನ್ನ ದೊಡ್ಡ ಸಂಶಯ, ಯಾಕೆಂದರೆ ಹೀಗಾಗುವುದಕ್ಕೆ ಮುಖ್ಯ ಕಾರಣವೇ ಅದು. ಆದರೆ ಕೊಳದ ಅಂಚಿನಲ್ಲಿ ನನ್ನ ಕಣ್ಣೆದುರೇ ಆಕೆ ನಿಧಾನವಾಗಿ, ನಾನು ಹೇಳಿಕೊಟ್ಟ ಹಾಗೆಯೇ ಉಸಿರಾಡಿದ್ದರು.

ಇದನ್ನು ನಾನು ಎಲ್ಲರಿಗೂ ಮೊದಲ ದಿನವೇ ಹೇಳುತ್ತೇನೆ. ಉಸಿರು ಹಿಡಿದಾಗ ಆಗುವ ಒದ್ದಾಟ ಆಮ್ಲಜನಕ ಮುಗಿಯಿತು ಎಂಬುದಕ್ಕಲ್ಲ. ಮೈಯಲ್ಲಿ ಇಂಗಾಲದ ಡೈ ಆಕ್ಸೈಡ್ ತುಂಬಿತು ಎಂಬುದಕ್ಕೆ. ಅಡುಗೆ ಗ್ಯಾಸಿಗೆ ಸ್ವಂತ ವಾಸನೆ ಇಲ್ಲ, ಸೋರಿದರೆ ಗೊತ್ತಾಗಲಿ ಎಂದು ಕಂಪನಿಯವರು ನಾತ ಬೆರೆಸಿರುತ್ತಾರಲ್ಲ, ಒದ್ದಾಟವೂ ಹಾಗೆಯೇ ಒಂದು ಎಚ್ಚರಿಕೆ. ಬಿರಬಿರನೆ ಉಸಿರಾಡಿ ಇಳಿದರೆ ಆ ಡೈ ಆಕ್ಸೈಡ್ ಹೊರಗೆ ಹೋಗಿಬಿಡುತ್ತದೆ, ಆಮ್ಲಜನಕವೇನೂ ಹೇಳಿಕೊಳ್ಳುವಷ್ಟು ಹೆಚ್ಚುವುದಿಲ್ಲ. ನಾತ ಹೋಯಿತು, ಸೋರುವುದು ನಿಲ್ಲಲಿಲ್ಲ. ಒಳಗೆ ಆಮ್ಲಜನಕ ತಳ ಕಾಣುತ್ತಿದ್ದರೂ ಮನಸ್ಸಿಗೆ ಹಾಯಾಗಿರುತ್ತದೆ, ಆ ನೆಮ್ಮದಿಯಲ್ಲೇ ಎಚ್ಚರ ಹೋಗುತ್ತದೆ. ಜೊತೆಗೆ ಯಾರೂ ಇಲ್ಲದಿದ್ದರೆ ಮುಂದಿನ ಉಸಿರಿಗೆ ಒಳಗೆ ಹೋಗುವುದು ನೀರು.

ಹೃದಯ ಪರೀಕ್ಷೆ ಮಾಡಿಸಿ, ರಕ್ತ ಪರೀಕ್ಷೆ ಮಾಡಿಸಿ ಎಂದು ಡಾಕ್ಟರ ಹತ್ತಿರ ಕಳಿಸಿದೆ. ಹೃದಯ ಸರಿ ಇತ್ತು. ರಕ್ತದಲ್ಲಿ ಕಬ್ಬಿಣ ಸ್ವಲ್ಪ ಕಡಿಮೆ. ಎಲ್ಲರಿಗೂ ನಿರಾಳವಾಯಿತು. ಗುಳಿಗೆ ನುಂಗಿ, ಸೊಪ್ಪು ತಿಂದು, ಡಾಕ್ಟರು ಆಗಲಿ ಎಂದ ಮೇಲೆ ಫೆಬ್ರವರಿಯಲ್ಲಿ ಅಕ್ಕ ವಾಪಸ್ ಬಂದರು. ಮತ್ತದೇ ನಿಶ್ಶಬ್ದ, ಅದೇ ತಣ್ಣನೆಯ ಮೈ. ಎರಡನೇ ವಾರ ನೀರಿನ ಅಡಿಯಲ್ಲಿ ಉದ್ದಕ್ಕೆ ಈಜುತ್ತಾ ಬಂದವರು ಗೋಡೆ ಮುಟ್ಟಿ ತಲೆ ಎತ್ತಿದರು, ನಕ್ಕರು, ನಾನೂ ನಕ್ಕೆ. ಅಷ್ಟರಲ್ಲಿ ಕುತ್ತಿಗೆ ಕುಸಿಯಿತು. ಆಕೆಯ ಕೈ ಅದುರುತ್ತಿತ್ತು. ಹಿಡಿದೆ, ಊದಿದೆ. ಅಕ್ಕಾ ಎಂದು ಕರೆದರೆ ಓಗೊಡಲಿಲ್ಲ. ಈ ಸಲ ಪ್ರವೇಶದ ಅರ್ಜಿಯಲ್ಲಿದ್ದ ಅವರ ಹೆಸರನ್ನೂ ಕೂಗಿದೆ. ಉಸಿರು ಬರಲು ಮೊದಲ ಸಲಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು, ಅಥವಾ ನನಗೆ ಹಾಗೆ ಅನ್ನಿಸಿತು.

ಅಂದು ಅವರ ಯಜಮಾನರೂ ಬಂದಿದ್ದರು, ಗ್ಯಾಲರಿಯಲ್ಲಿ ಕೂತು ಎಲ್ಲ ನೋಡಿದರು. ಕೆಳಗೆ ಬಂದು ನನ್ನ ಕೈ ಹಿಡಿದುಕೊಂಡರು.

“ಮಾಸ್ಟ್ರೇ, ಸಾಕು. ನೀವೇ ಹೇಳಿಬಿಡಿ ಅವಳಿಗೆ, ಆಗೋದಿಲ್ಲ ಅಂತ. ನಾನು ಹೇಳಿದ್ರೆ ಹೋಟೆಲಿಗೆ ಆಳು ಕಡಿಮೆ ಆಗ್ತದೆ ಅಂತ ಹೇಳ್ತಿದ್ದಾರೆ ಅಂದ್ಕೊಳ್ತಾಳೆ.”

“ನಾನು ಇಲ್ಲೇ ಇದ್ದೇನೆ,” ಎಂದರು ಅಕ್ಕ, ಟವೆಲಿನ ಒಳಗಿನಿಂದ.

“ಇದ್ದೀಯಲ್ಲ, ಅದಕ್ಕೇ ಹೇಳ್ತಿರೋದು,” ಎಂದು ಅವರು ಕಣ್ಣು ಒರೆಸಿಕೊಂಡರು.

ಎರಡು ಸಲ ಎಚ್ಚರ ತಪ್ಪಿದವರನ್ನು ಮುಂದುವರಿಸುವುದಿಲ್ಲ ಎಂದು ಕೊಳದ ಮ್ಯಾನೇಜರ್ ಹೇಳಿದ. ಅವನು ಹೇಳಿದ್ದರಲ್ಲಿ ತಪ್ಪಿಲ್ಲ. ಕಾರಣ ಗೊತ್ತಾಗುವವರೆಗೆ ಅಕ್ಕ ನೀರಿಗೆ ಇಳಿಯಬಾರದು, ಬಂದು ಕೂತು ನೋಡಬಹುದು ಎಂದೆ. ಬರಲಾರರು ಅಂದುಕೊಂಡಿದ್ದೆ. ಮುಂದಿನ ಭಾನುವಾರ ಎಲ್ಲರಿಗಿಂತ ಮೊದಲು ಬಂದು ಈಜುಡುಗೆ ಹಾಕಿಕೊಳ್ಳಲು ಹೋದರು. “ಕೂರೋದಕ್ಕೂ ಅದೇ ಬೇಕಾ?” ಎಂದರೆ, “ಸೀರೆ ಉಟ್ಟು ಕೂತರೆ ನೀವು ನನ್ನನ್ನು ಮರೆತುಬಿಡ್ತೀರಿ,” ಎಂದರು.

ಅಂದು ನೀರು ಸಾಕಷ್ಟು ಬೆಚ್ಚಗಿರಲಿಲ್ಲ. ಕೇಳೋಣವೆಂದು ಬಟ್ಟೆ ಬದಲಿಸುವ ಕೋಣೆಗಳ ಹಿಂದಿರುವ ಪಂಪ್ ರೂಮಿಗೆ ಹೋದೆ. ಒಳಗೆ ಕಾಲಿಟ್ಟ ಕೂಡಲೇ ಒಂದು ಸದ್ದು ಕೇಳಿಸಿತು. ಬುಸ್, ಬುಸ್, ಬುಸ್. ಕಮ್ಮಾರನ ತಿದಿ ಒತ್ತಿದ ಹಾಗೆ, ವೇಗವಾಗಿ, ಲಯಬದ್ಧವಾಗಿ.

“ಭಯ್ಯಾ, ಮೋಟರ್ ಸೋರ್ತಾ ಇದೆಯಲ್ಲ,” ಎಂದೆ ನನ್ನ ಅರೆಬರೆ ಹಿಂದಿಯಲ್ಲಿ.

ಪಂಪಿನ ಭಯ್ಯಾ ಬೀಡಿ ಬಾಯಿಂದ ತೆಗೆಯಲಿಲ್ಲ. “ಮೋಟರ್ ಠೀಕ್ ಹೈ ಸಾಬ್. ವೋ ಮೇಡಂ ಲೋಗ್ ಹೈ,” ಎಂದು ಗೋಡೆಯ ಮೇಲಿನ ಗವಾಕ್ಷಿ ತೋರಿಸಿದ. ಆಚೆ ಹೆಂಗಸರ ಕೋಣೆ.

ನಾನು ಹೊರಗೆ ಬಂದು ಆ ಬಾಗಿಲ ಎದುರು ಕಾವಲುಗಾರನ ಹಾಗೆ ನಿಂತೆ. ಮೊದಲು ಹೊರಗೆ ಬಂದವಳು ಧಾರವಾಡದ ಹುಡುಗಿ.

“ಒಳಗೆ ಏನು ನಡೀತಿದೆ?”

“ಏನಿಲ್ಲ ರೀ ಸರ. ಅಕ್ಕಾರು ಭಸ್ತ್ರಿಕಾ ಮಾಡಾಕತ್ತಾರ.”

“ದಿನಾ ಮಾಡ್ತಾರಾ?”

“ಪ್ರತಿ ಸಲ ಮಾಡ್ತಾರ ರೀ, ಥಂಡಿಗೆ. ಮೈ ಬಿಸಿ ಆಗ್ತೈತಂತ. ನಾನೂ ಒಮ್ಮೆ ಮಾಡಿದ್ದೆ, ತಲಿ ಗಿರ್ರ್ ಅಂತು, ಬಿಟ್ಟೆ.”

“ಇಷ್ಟು ದಿನ ಯಾಕೆ ಹೇಳಲಿಲ್ಲ ಮಾರಾಯ್ತಿ?”

ಅವಳು ನನ್ನನ್ನು ಕನಿಕರದಿಂದ ನೋಡಿದಳು. “ಅದು ಯೋಗ ಅಲ್ಲೇನ್ರೀ ಸರ?”

ಹೌದು, ಯೋಗವೇ, ತಿದಿಯ ಹಾಗೆ ಬಿರಬಿರನೆ ಉಸಿರು ಎಳೆದು ಬಿಡುವ ಪ್ರಾಣಾಯಾಮ. ಮಯೂರ್ ವಿಹಾರದ ಪಾರ್ಕಿನಲ್ಲಿ ಮಂಜಿನ ನಡುವೆ ಮಫ್ಲರ್ ಸುತ್ತಿಕೊಂಡ ಹಿರಿಯರ ಗುಂಪೊಂದು ದಿನವೂ ಬೆಳಿಗ್ಗೆ ಮಾಡುತ್ತದೆ, ಅಕ್ಕ ಅದರಲ್ಲಿ ಹಲವು ವರ್ಷಗಳಿಂದ ಇದ್ದಾರೆ. ಚಳಿಗಾಲದಲ್ಲಿ ಸ್ವೆಟರಿಗಿಂತ ಒಳ್ಳೆಯದು ಎಂದು ಅವರ ಗುರೂಜಿ ಹೇಳಿಕೊಟ್ಟದ್ದು. ಕೊಳದ ಬಳಿ ಬಿರಬಿರನೆ ಉಸಿರಾಡಬೇಡಿ ಎಂದು ನಾನು ಹೇಳಿದ್ದನ್ನು ಆಕೆ ಅಕ್ಷರಶಃ ಪಾಲಿಸಿದ್ದರು. ಕೊಳದ ಬಳಿ ಮಾಡಿರಲಿಲ್ಲ. ಹೆಂಗಸರ ಕೋಣೆಯಲ್ಲಿ, ಒದ್ದೆ ನೆಲದ ಚಳಿಗೆ, ಮೈ ಬಿಸಿಯಾಗಲೆಂದು ಮಾಡುತ್ತಿದ್ದರು. ಅಲ್ಲಿಂದ ನೇರ ನನ್ನ ಎದುರು ಬಂದು ಶಿಸ್ತಾಗಿ ನಿಧಾನಕ್ಕೆ ಉಸಿರಾಡುತ್ತಿದ್ದರು. ಅಷ್ಟು ಸ್ವಲ್ಪ ಹೊತ್ತಿನಲ್ಲಿ ಮೈ ಮೊದಲಿನಂತಾಗುವುದಿಲ್ಲ. ಪಾರ್ಕಿನ ಚಾಪೆಯ ಮೇಲೆ ಅದರಿಂದ ಆಕೆಗೆ ಎಂದೂ ತೊಂದರೆ ಆಗಿರಲಿಲ್ಲ. ಆಗಿದ್ದರೂ ಪಕ್ಕದವರ ಮೇಲೆ ಒರಗುತ್ತಿದ್ದರು. ಅಲ್ಲಿ ಮುಖದ ಕೆಳಗೆ ನೀರಿಲ್ಲ.

ಹೇಳಿದಾಗ ಅಕ್ಕ ಮೊದಲು ನಕ್ಕರು. “ಅಚ್ಛಾ! ಇಷ್ಟೇನಾ? ಹಾಗಾದ್ರೆ ನಾಳೆಯಿಂದ ಇಲ್ಲ.”

ಭಸ್ತ್ರಿಕಾ ಬಿಟ್ಟು, ಕೋಣೆಯಲ್ಲಿ ಹೀಟರ್ ಇಡಿಸಿ, ಅವರ ಯಜಮಾನರನ್ನೂ ಮ್ಯಾನೇಜರನ್ನೂ ಒಪ್ಪಿಸಿ, ಮತ್ತೆ ನೀರಿಗೆ ಇಳಿಸಿದೆ. ಮುಖ ನೀರಿಗಿಟ್ಟು ಮಲಗಿದರು. ನಾನು ಹೊಟ್ಟೆಯನ್ನೇ ನೋಡುತ್ತಿದ್ದೆ. ಒಂದು ನಿಮಿಷ ಆಗಿತ್ತೋ ಇಲ್ಲವೋ, ಹೊಟ್ಟೆ ಎಳೆಯಿತು. ಮತ್ತೆ ಎಳೆಯಿತು. ಆಕೆ ಗಾಬರಿಯಾಗಿ ಎದ್ದು ನಿಂತರು.

“ಇದೇನಾ ಒದ್ದಾಟ?”

“ಇದೇ.”

“ಇಷ್ಟು ಬೇಗನಾ?”

“ಎಲ್ಲರಿಗೂ ಇಷ್ಟು ಬೇಗವೇ ಅಕ್ಕಾ.”

ಆಕೆಯ ಮುಖ ಚಿಕ್ಕದಾಯಿತು. ನನ್ನದೂ ಆಗಿರಬೇಕು. ರಕ್ತದಲ್ಲಿ ಸಮುದ್ರವೂ ಇರಲಿಲ್ಲ, ಮಣ್ಣೂ ಇರಲಿಲ್ಲ. ಎಲ್ಲರ ಹಾಗೆ ಒದ್ದಾಡುವ ಒಂದು ಮೈ ಇತ್ತು, ಅಷ್ಟೇ. ಆಕೆಗೆ ಬಂದ ಒದ್ದಾಟ ನೋಡಿ ಖುಷಿಪಡಬೇಕಾಗಿದ್ದ ನನಗೆ ಏನನ್ನೋ ಕಳೆದುಕೊಂಡ ಹಾಗಾಯಿತು.

ಅಂದು ತರಗತಿ ಮುಗಿದ ಮೇಲೆ ಅಕ್ಕ ಹೊರಡಲಿಲ್ಲ. ಕಾಫಿ ಸುರಿದು ಕೊಡುತ್ತಾ ಹೇಳಿದರು: “ಮಾಸ್ಟ್ರೇ, ಬೈಯಬೇಡಿ. ಆ ಎರಡು ಸಲ ನಾನು ಅಲ್ಲೇ ಇದ್ದೆ. ಕನಸಲ್ಲಿ ಕಂಡ ಹಾಗಲ್ಲ. ಹಸಿರು ನೀರು, ಕಲ್ಲಿನ ಮೇಲಿನ ಪಾಚಿ, ಎಲ್ಲ. ಕೆಳಗೆ ಮರಳು ಬೆಳ್ಳಗೆ ಕಾಣ್ತಿತ್ತು. ಕೈ ಚಾಚಿದ್ದೆ. ಈಗ ನೀವು ಇದನ್ನು ತೆಗೆದುಬಿಟ್ರೆ ನಂಗೆ ಉಳಿಯೋದು ಈ ನೀಲಿ ಟೈಲ್ಸು.”

ನನಗೆ ಅಸೂಯೆಯಾಯಿತು. ನಿಜ ಹೇಳುತ್ತೇನೆ, ಮೊದಲು ಭಯವಾಗಲಿಲ್ಲ, ಅಸೂಯೆಯೇ ಆಯಿತು. ಎಷ್ಟು ವರ್ಷವಾಯಿತು ಆ ಹಸಿರು ನೋಡಿ. ಕಣ್ಣು ಮುಚ್ಚಿ ಮಲಗಿದರೂ ನನಗೆ ಕಾಣುವುದು ಟೈಲ್ಸೇ. ಆಮೇಲೆ ಭಯವಾಯಿತು, ಅದರ ಹಿಂದೆಯೇ ಸಿಟ್ಟು ಬಂತು.

“ನೀವು ಅಲ್ಲಿ ಇರಲಿಲ್ಲ ಅಕ್ಕಾ. ನನ್ನ ಕೈಯಲ್ಲಿದ್ದಿರಿ, ತುಟಿ ಕಪ್ಪಾಗಿ. ನಿಮ್ಮ ಯಜಮಾನರು ಮೇಲೆ ನಿಂತು ಅಳ್ತಾ ಇದ್ದರು. ಸಮುದ್ರದಲ್ಲಿ ಹೀಗಾದ್ರೆ ಯಾರು ಎತ್ತುತ್ತಾರೆ? ಮುಳುಗಿದವರು ಹೆಚ್ಚಾಗಿ ಎಚ್ಚರ ತಪ್ಪೋದು ಕೆಳಗಲ್ಲ, ಮೇಲೆ ಬರುವಾಗ, ಇನ್ನೇನು ಬಂದೇಬಿಟ್ಟೆ ಅನ್ನುವಾಗ. ಆಳದಲ್ಲಿ ನೀರಿನ ಒತ್ತಡ ಇರೋವರೆಗೆ ಉಳಿದ ಆಮ್ಲಜನಕವೇ ಸಾಕಾಗ್ತದೆ. ಮೇಲೆ ಬಂದ ಹಾಗೆ ಒತ್ತಡ ಇಳೀತದೆ, ಸಾಕಾಗ್ತಿದ್ದದ್ದು ಸಾಕಾಗೋದಿಲ್ಲ. ಬಂದು ತಲೆ ಎತ್ತಿ, ನಕ್ಕು, ಆಮೇಲೂ ಹೋಗ್ತಾರೆ. ನೀವೂ ನಕ್ಕಿದ್ದಿರಿ.”

ಆಕೆ ಫ್ಲಾಸ್ಕಿನ ಮುಚ್ಚಳ ತಿರುಗಿಸಿ ಬಿಗಿದರು. “ನಮ್ಮೂರಲ್ಲಿ ಒಬ್ಬರು ಹಾಗೇ ಹೋದರು,” ಎಂದರು. “ಊರಿಗೇ ದೊಡ್ಡ ಮುಳುಗುಗಾರ. ಮೇಲೆ ಬಂದವರು, ದೋಣಿಯವರಿಗೆ ಕೈ ಬೀಸಿದವರು. ಕಲ್ಲು ಕರೀತು ಅಂದರು ಜನ.”

“ಕಲ್ಲು ಕರೆಯೋದಿಲ್ಲ. ಮೇಲಿದ್ದವರು ಕರೀಬೇಕಿತ್ತು.”

ಆ ಮಾತು ಹೇಳಿದ ಮೇಲೆ ನಾನು ಏನು ಮಾಡಬೇಕು ಎಂಬುದು ನನಗೇ ತಿಳಿಯಿತು. ಬೇಡ ಎಂದು ಕಳಿಸಿಬಿಟ್ಟರೆ ಆಕೆ ಊರಿಗೆ ಹೋಗಿ ಇಳಿಯದೆ ಇರುವವರಲ್ಲ. ಭಸ್ತ್ರಿಕಾ ಮಾಡಿದರೆ ಬುಡ ಮುಟ್ಟಬಹುದು ಎಂಬುದೂ ಈಗ ಆಕೆಗೆ ಗೊತ್ತು. ನಾನು ಜೊತೆಗೆ ಹೋಗಲು ಈಜಿನ ಹಂಗಾಮು ಬಿಡುವುದಿಲ್ಲ, ಬೇಸಿಗೆಯಲ್ಲೇ ನಮ್ಮ ವರ್ಷದ ಅನ್ನ. ಹಾಗಾಗಿ ಒಂದು ಹಗ್ಗ ತಂದೆ. ಒದ್ದಾಟ ಶುರುವಾದ ಕೂಡಲೇ ತಿರುಗಿದರೆ ಆಕೆ ಎಷ್ಟು ಆಳ ಹೋಗಬಲ್ಲರು ಎಂದು ನಗರದ ಇನ್ನೊಂದು ಬದಿಯ ಡೈವಿಂಗ್ ಕೊಳದಲ್ಲಿ ಮಾರ್ಚಿಡೀ ನೋಡಿ, ಹಗ್ಗಕ್ಕೆ ಒಂದು ಗಂಟು ಹಾಕಿ, ಅದಕ್ಕೆ ಕೆಂಪು ಬಟ್ಟೆ ಕಟ್ಟಿದೆ. ಗಂಟಿನಿಂದ ಕೆಳಗೆ ಹೋಗುವ ಹಾಗಿಲ್ಲ. ಕಲ್ಲಿನ ಬುಡ ಮೂರಾಳು ಆಳ ಎಂದು ಅಣ್ಣ ಹೇಳಿದ್ದರು. ಗಂಟು ಅದಕ್ಕಿಂತ ಮೇಲೆ ನಿಂತಿತು.

ಅಕ್ಕ ಕೊಳದ ಅಂಚಿನಲ್ಲಿ ಹಗ್ಗ ಹರವಿ, ಗಂಟಿನಿಂದ ಆಚೆಗೆ ಉಳಿದದ್ದನ್ನು ಕೈಯಿಂದ ಅಳೆದರು. “ಇಷ್ಟು ಬಾಕಿ ಉಳೀತದೆ,” ಎಂದರು.

“ಉಳೀತದೆ.”

“ಚಿಕ್ಕವಳಿದ್ದಾಗಲೂ ಇಷ್ಟೇ ಉಳಿದಿತ್ತು,” ಎಂದು ಹಗ್ಗ ಸುತ್ತಿ ಚೀಲಕ್ಕೆ ಹಾಕಿಕೊಂಡರು.

ಇನ್ನು ಅಣ್ಣನಿಗೆ ಕಲಿಸಬೇಕಿತ್ತು. ಅರವತ್ತು ದಾಟಿದ ಮನುಷ್ಯ, ಈಗಲೂ ಚಿಪ್ಪು ಕೀಳಲು ಮುಳುಗುವವರು. ಪ್ರತಿ ಭಾನುವಾರ ವಿಡಿಯೋ ಕಾಲ್. ನಾನು ಕೊಳದಲ್ಲಿ, ಅಕ್ಕ ಎಚ್ಚರ ತಪ್ಪಿದ ಹಾಗೆ ನಟಿಸುತ್ತಾ ನನ್ನ ತೋಳಿನಲ್ಲಿ, ಧಾರವಾಡದ ಹುಡುಗಿ ಫೋನ್ ಹಿಡಿದುಕೊಂಡು. ಅಣ್ಣ ಆ ಕಡೆ ಮರಳಿನ ಮೇಲೆ ಲುಂಗಿ ಎತ್ತಿಕಟ್ಟಿ ನಿಂತು ನೋಡುತ್ತಿದ್ದರು. ಅವರ ಹಿಂದೆ ಸಮುದ್ರ. ನಾನು ಪಾಠ ಮಾಡುತ್ತಾ ಮಾಡುತ್ತಾ ಅವರ ಹೆಗಲಾಚೆಯೇ ನೋಡುತ್ತಿದ್ದೆ.

“ಹ್ವಾಯ್ ಮಾಸ್ಟ್ರೇ, ನಾವು ಎಷ್ಟು ವರ್ಷದಿಂದ ಮುಳುಗುದು, ಎಂತ ಆಯಿಲ್ಲ ಕಾಣಿ,” ಎಂದು ಶುರುವಿನಲ್ಲಿ ನಕ್ಕರು. ಮುಳುಗುವ ಮೊದಲು ಅವರೂ ನಾಯಿ ತೇಕಿದ ಹಾಗೆ ಉಸಿರು ಜಗ್ಗುತ್ತಿದ್ದರಂತೆ. ಕೈ ಬೀಸಿದ ಆ ಮುಳುಗುಗಾರನ ಮಾತು ಎತ್ತಿದ ಮೇಲೆ ನಗು ನಿಂತಿತು. ಹಾಗೆ ಹೋದವರು ಅಣ್ಣನ ಗೆಳೆಯರಾಗಿದ್ದರು. ಅಲ್ಲಿಂದ ಮುಂದೆ ಒಂದು ಪಾಠವನ್ನೂ ತಪ್ಪಿಸಲಿಲ್ಲ. ತಂಗಿ ಇಳಿಯುವಾಗ ತಾನು ಇಳಿಯಬಾರದು, ದೋಣಿಯ ಪಕ್ಕ ನೀರಿನಲ್ಲೇ ಇದ್ದು ನೋಡಬೇಕು. ಮೇಲೆ ಬರುವಾಗ ಅರ್ಧ ದಾರಿಗೆ ಹೋಗಿ ಎದುರುಗೊಳ್ಳಬೇಕು. ಬಂದ ಮೇಲೂ ಅರ್ಧ ನಿಮಿಷ ಮುಖದಿಂದ ಕಣ್ಣು ತೆಗೆಯಬಾರದು. ಕುಸಿದರೆ ಮುಖ ಮೇಲೆ ಹಿಡಿ, ಊದು, ತಟ್ಟು, ಹೆಸರು ಕರೆ. ಬೇರೆಯವರೆಲ್ಲ ಮೇಲೆ ಬಂದ ಮೇಲೆ ಬೆರಳಿನಲ್ಲಿ ಸನ್ನೆ ಮಾಡುತ್ತಾರೆ. ನಮ್ಮ ಕನ್ನಡದ ಜೋಡಿಗೆ ನಾನು ಅದನ್ನು ಬದಲಾಯಿಸಿದೆ. ಕರೆದರೆ ಓ ಎನ್ನಬೇಕು. ಎಷ್ಟು ಸಲ ಕರೆದರೂ ಅನ್ನಬೇಕು. ಬೆರಳು ಅಭ್ಯಾಸಬಲದಿಂದ ಏಳಬಹುದು, ಓ ಎನ್ನಲು ಉಸಿರೂ ಬೇಕು, ಎಚ್ಚರವೂ ಬೇಕು.

“ಯಾವ ಹೆಸರು ಕರೂದು?” ಎಂದು ಕೇಳಿದರು ಅಣ್ಣ.

ಅರ್ಜಿಯಲ್ಲಿದ್ದ ಹೆಸರು ಹೇಳಿದೆ. ಆ ಕಡೆ ಅವರಿಗೆ ಅದು ಯಾರೆಂದು ಹೊಳೆಯಲಿಲ್ಲ. ಅಕ್ಕ ನನ್ನ ತೋಳಿನಲ್ಲಿ ಕಣ್ಣು ಮುಚ್ಚಿಕೊಂಡೇ ಹೇಳಿದರು: “ಅದು ಮದುವೇಲಿ ಅಕ್ಕಿ ಮೇಲೆ ಬರೆಸಿದ ಹೆಸರು ಮಾಸ್ಟ್ರೇ. ಗಂಡನ ಮನೆಯವರು ಇಟ್ಟದ್ದು. ಅಣ್ಣನಿಗೆ ಗೊತ್ತಿರೋದು ಗುಲಾಬಿ.”

“ಗುಲಾಬೀ,” ಎಂದು ಅಣ್ಣ ಫೋನಿನಲ್ಲಿ ಪರೀಕ್ಷೆಗೆಂಬಂತೆ ಕೂಗಿದರು.

ಎಚ್ಚರ ತಪ್ಪಿದ ನಟನೆ ಮುರಿದು ಅಕ್ಕ ಕಣ್ಣು ಬಿಟ್ಟರು. ಎಚ್ಚರ ತಪ್ಪಿದವರಿಗೆ ಯಾವ ಹೆಸರು ಕೇಳಿಸುತ್ತದೆ, ಯಾವುದು ಕೇಳಿಸುವುದಿಲ್ಲ ಎಂದು ನಾನು ಹೇಳಲಾರೆ. ಅಂಥದ್ದನ್ನೆಲ್ಲ ಹೇಳುವಷ್ಟು ವಿದ್ಯೆ ನನಗಿಲ್ಲ. ಆದರೆ ನೋಯ್ಡಾದ ಆ ನೀರಿನಲ್ಲಿ ಎರಡು ಸಲ ನಾನು ಕೂಗಿದ್ದು ಬೇರೆ ಯಾರನ್ನೋ ಎಂದು ನನಗೆ ಅನ್ನಿಸಿತು.

ಏಪ್ರಿಲ್ ಕೊನೆಗೆ ಅಕ್ಕ ಊರಿಗೆ ಹೊರಟರು. ಯಜಮಾನರು ಹೋಟೆಲು ನೋಡಿಕೊಳ್ಳುವುದೆಂದಾಯಿತು. “ಗಂಟು ದಾಟಬೇಡ,” ಎಂದರಂತೆ ರೈಲು ಹತ್ತಿಸುವಾಗ. ಎಷ್ಟೋ ವರ್ಷಗಳಿಂದ ಮೊಣಕಾಲಿಗಿಂತ ಮೇಲಿನ ನೀರಿಗೆ ಇಳಿಯದ ಮನುಷ್ಯ, ಪಾಠವನ್ನೆಲ್ಲ ನನಗಿಂತ ಚೆನ್ನಾಗಿ ಕಲಿತಿದ್ದರು.

ಫೋನ್ ಬಂದಾಗ ನಾನು ಮಕ್ಕಳಿಗೆ ಕಾಲು ಬಡಿಯುವುದನ್ನು ಕಲಿಸುತ್ತಿದ್ದೆ. ಕೈ ಒರೆಸಿಕೊಂಡು ಎತ್ತಿದೆ. ಗಾಳಿಯ ಸದ್ದು, ಅದರ ಹಿಂದೆ ಇನ್ನೊಂದು ಸದ್ದು. ಅದನ್ನು ಗುರುತಿಸಲು ನನಗೆ ಕ್ಷಣವೂ ಹಿಡಿಯಲಿಲ್ಲ. ಮಾತನಾಡಿದವರು ಅಕ್ಕ, ಹಲ್ಲು ಕಟಕಟಿಸುತ್ತಿತ್ತು.

“ಇಳಿದೆ ಮಾಸ್ಟ್ರೇ. ಮೂರು ಸಲ, ನಡುವೆ ನೀವು ಹೇಳಿದಷ್ಟು ಸುಧಾರಿಸ್ಕೊಂಡು. ಗಂಟು ಮುಟ್ಟಿದೆ. ಕೆಳಗೆ ಮರಳು ಕಾಣ್ತಿತ್ತು, ಬೆಳ್ಳಗೆ, ಹಾಗೇ. ಇಷ್ಟೇ ಕೈ ಚಾಚಿದ್ರೆ…”

ನಾನು ಉಸಿರು ಹಿಡಿದು ಕಾದೆ.

“ಒದ್ದಾಟ ಶುರುವಾಯ್ತು. ತಿರುಗಿದೆ.”

“ಮೂರು ಸಲವೂ?”

“ಮೂರು ಸಲವೂ.” ಆಕೆ ಅಳುತ್ತಿದ್ದರು ಅನ್ನಿಸಿತು, ಅಡಗಿಸಲೂ ಇಲ್ಲ. “ಮುಟ್ಟಲಿಲ್ಲ ಮಾಸ್ಟ್ರೇ. ಇನ್ನು ಮುಟ್ಟೋಕೆ ಆಗೋದೂ ಇಲ್ಲ, ಅಲ್ವಾ? ಆಸೆ ಹಾಗೇ ಉಳೀತು. ಆದರೆ ಮೇಲೆ ಬಂದ ಮೇಲೆ ಅಣ್ಣ ಮುಖಕ್ಕೆ ಊದಿದ, ಕೆನ್ನೆಗೆ ತಟ್ಟಿದ, ಕೂಗ್ತಾನೇ ಇದ್ದ. ನಂಗೆ ಎಚ್ಚರ ಇತ್ತು. ಪೂರಾ ಇತ್ತು. ಆದರೂ ನಿಲ್ಲಿಸು ಅಂತ ಹೇಳಲಿಲ್ಲ ನಾನು.”

ಅಣ್ಣನಿಗೆ ಫೋನ್ ಕೊಡಿ ಎಂದೆ.

“ಹ್ವಾಯ್ ಮಾಸ್ಟ್ರೇ, ನೀವು ಹೇಳಿದಾಂಗೇ ಮಾಡ್ದೆ,” ಎಂದರು ಅಣ್ಣ, ಪರೀಕ್ಷೆ ಬರೆದು ಬಂದ ಮಗುವಿನ ದನಿಯಲ್ಲಿ. “ಅವ್ಳು ಮತ್ತೆ ನೀರಿಗೆ ಇಳ್ದಾಯ್ತು ಕಾಣಿ. ಮುಳುಗುದಿಲ್ಲ, ಸುಮ್ನೆ ತೇಲ್ತಾ ಇದ್ದಾಳೆ.”

“ಇನ್ನೊಂದು ಸಲ ಕರೀರಿ,” ಎಂದೆ. “ನನಗೂ ಕೇಳಲಿ.”

ಅವರು ಫೋನನ್ನು ಎತ್ತಿ ಹಿಡಿದಿರಬೇಕು. ಗಾಳಿಯ ಸದ್ದು ಒಮ್ಮೆಲೇ ಜೋರಾಯಿತು. ಮಕ್ಕಳಿಗೆ ಕಾಲು ಬಡಿಯುವುದನ್ನು ನಿಲ್ಲಿಸಲು ಕೈ ಮಾಡಿದೆ, ಕೊಳದ ನೀರು ಮೆಲ್ಲಗೆ ಸುಮ್ಮನಾಯಿತು.

“ಗುಲಾಬೀ!” ಎಂದು ಅಣ್ಣ ಕೂಗಿದರು.

ಅಲೆಯೊಂದು ಬಂದು ಮುರಿದ ಸದ್ದು. ಅದು ಹಿಂದಕ್ಕೆ ಸರಿಯುವವರೆಗೆ ಏನೂ ಇಲ್ಲ. ಆಮೇಲೆ ದೂರದಿಂದ, ನೀರಿನ ಮೇಲಿನಿಂದ, ಅಡುಗೆಮನೆಯಿಂದ ಮಗಳೊಬ್ಬಳು ಉತ್ತರಿಸುವಷ್ಟು ಸಲೀಸಾಗಿ ಬಂತು:

“ಓ…”